ಕಾಗೆಯನ್ನೂ ಬರೆದುಕೊಳ್ಳಿ

ಬೆಳಗ್ಗೆ ಆರೂವರೆ. ಕೆರೆ ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ಮೊದಲ ಸಲ ಹಕ್ಕಿಪಟ್ಟಿ ಶುರುಮಾಡಿದ್ದೆ. ಹೆಜ್ಜಾರ್ಲೆ ಎರಡು, ನೀರುಕಾಗೆ ಹದಿನಾಲ್ಕು, ನಾಮದ ಕೋಳಿ ಮೂವತ್ತು ಎಂದು ಸರಾಗವಾಗಿ ಬರೆದುಕೊಂಡು ಹೋದವನು ಕಾಗೆ ಎಂಬಲ್ಲಿ ನಿಂತುಬಿಟ್ಟೆ. ಎಷ್ಟು ಕಾಗೆ? ಅದೂ ಯಾವ ಕಾಗೆ? ಕತ್ತಿನ ಸುತ್ತ ಬೂದಿ ಬಣ್ಣವಿರುವ ಊರುಕಾಗೆಯೋ, ಮೈಯೆಲ್ಲ ಕಪ್ಪಾಗಿ ದಪ್ಪ ಕೊಕ್ಕಿರುವ ಕಾಡುಕಾಗೆಯೋ? ಇಪ್ಪತ್ತು ವರ್ಷ ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ತಿರುಗಿದವನಿಗೆ ಕಾಗೆಯನ್ನು ಎಣಿಸಿಯೇ ಗೊತ್ತಿರಲಿಲ್ಲ.

ಹಕ್ಕಿ ದಾಖಲಿಸುವ ಆ್ಯಪ್‌ಗಳು ಹಲವಿವೆ. ಹೊಸಬರು ಎರಡನ್ನು ಇಟ್ಟುಕೊಂಡರೆ ಸಾಕು: ಇಬರ್ಡ್ ಮತ್ತು ಮರ್ಲಿನ್. ಇಬರ್ಡ್ ನೋಟ್‌ಬುಕ್ಕಿನ ಹಾಗೆ, ನೋಡಿದ್ದನ್ನು ಬರೆದಿಡುವುದಕ್ಕೆ. ಮರ್ಲಿನ್ ಪಕ್ಕದಲ್ಲಿ ನಿಂತು ಹೆಸರು ಹೇಳಿಕೊಡುವ ಗೆಳೆಯನ ಹಾಗೆ. ಇಬರ್ಡ್ ಅನ್ನು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಶುರುಮಾಡಿದವು. ಮರ್ಲಿನ್ ಅದೇ ಕಾರ್ನೆಲ್‌ನವರದು, 2014ರಲ್ಲಿ ಬಂತು. ಎರಡಕ್ಕೂ ಹಣ ಕೊಡಬೇಕಿಲ್ಲ, ಎರಡಕ್ಕೂ ಒಂದೇ ಖಾತೆ ನಡೆಯುತ್ತದೆ. ಚಿಟ್ಟೆ, ಹೂವು, ಹಾವು ಎಲ್ಲವನ್ನೂ ಫೋಟೊ ಸಮೇತ ದಾಖಲಿಸುವ ಆಸೆಯಿದ್ದವರಿಗೆ ಐನ್ಯಾಚುರಲಿಸ್ಟ್ ಇದೆ. ಅದರ ದಾರಿ ಬೇರೆ.

ಹೊರಡುವ ಹಿಂದಿನ ರಾತ್ರಿ

ಕೆಲಸ ಮನೆಯ ವೈಫೈಯಲ್ಲೇ ಶುರುವಾಗಲಿ. ಎರಡೂ ಆ್ಯಪ್ ಹಾಕಿಕೊಂಡು ಖಾತೆ ತೆರೆಯಿರಿ. ಆಮೇಲೆ ಎರಡರಲ್ಲೂ ನಿಮ್ಮ ಪ್ರದೇಶದ ‘ಪ್ಯಾಕ್’ ಇಳಿಸಿಕೊಳ್ಳಿ. ಆ ಭಾಗದ ಹಕ್ಕಿಗಳ ಪಟ್ಟಿ ಇರುವುದು ಅದರಲ್ಲೇ. ಮರ್ಲಿನ್‌ನ ಪ್ಯಾಕ್‌ನಲ್ಲಿ ಚಿತ್ರ, ಕೂಗುಗಳೂ ಇರುತ್ತವೆ. ಇದನ್ನು ಮರೆತು ಕುದುರೆಮುಖದ ಕಡೆಗೋ ಕಾಳಿ ಕಣಿವೆಗೋ ಹೋದಿರೋ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಖಾಲಿ ಪರದೆ ನೋಡುತ್ತ ನಿಲ್ಲಬೇಕಾಗುತ್ತದೆ. ಪ್ಯಾಕ್ ಇದ್ದರೆ ಸಿಗ್ನಲ್ ಬೇಕಿಲ್ಲ. ಜಿಪಿಎಸ್‌ಗೂ ಬೇಕಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಲೊಕೇಶನ್ ಮಾತ್ರ ಆನ್ ಇಟ್ಟರೆ ಬ್ಯಾಟರಿ ಮಧ್ಯಾಹ್ನದವರೆಗೂ ಆರಾಮಾಗಿ ಬರುತ್ತದೆ. ಪಟ್ಟಿ ಫೋನಿನಲ್ಲೇ ಉಳಿದಿರುತ್ತದೆ. ಊರಿಗೆ ಬಂದು ಕಳಿಸಿದರಾಯಿತು.

ಪಟ್ಟಿ ಶುರು

ಇಬರ್ಡ್ ತೆರೆದರೆ ಹೊಸ ಚೆಕ್‌ಲಿಸ್ಟ್ ಶುರುಮಾಡುವ ಗುಂಡಿ ಎದುರಿಗೇ ಇರುತ್ತದೆ. ಅದರ ಮೇಲೆಯೇ ‘ಟ್ರ್ಯಾಕ್’ ಎಂಬ ಸ್ವಿಚ್ಚಿದೆ, ಆನ್ ಮಾಡಿ. ಎಷ್ಟು ಹೊತ್ತು ನಡೆದಿರಿ, ಎಷ್ಟು ದೂರ ಹೋದಿರಿ ಎಂಬುದನ್ನು ಅದೇ ಅಳೆದುಕೊಳ್ಳುತ್ತದೆ. ಹೊಸಬರು ಹಕ್ಕಿಯ ಹೆಸರಿಗೆ ಕೊಡುವಷ್ಟು ಗಮನವನ್ನು ಈ ಸಮಯ ಮತ್ತು ದೂರಕ್ಕೆ ಕೊಡುವುದಿಲ್ಲ. ಆದರೆ ಸಂಶೋಧಕರಿಗೆ ಅದಿಲ್ಲದ ಪಟ್ಟಿ ಅಳತೆ ಬರೆಯದ ಚೀಟಿ ಇದ್ದಂತೆ. ಹತ್ತು ಪಿಕಳಾರ ಸರಿ, ಹತ್ತು ನಿಮಿಷದಲ್ಲೋ ನಾಲ್ಕು ಗಂಟೆಯಲ್ಲೋ?

ಹಕ್ಕಿ ಕಂಡಂತೆ ಸೇರಿಸುತ್ತ ಹೋಗಿ. ಉದ್ದದ ಪಟ್ಟಿಯಲ್ಲಿ ಹುಡುಕುವ ಕಷ್ಟ ಬೇಡ. ಸಂಖ್ಯೆ ಒತ್ತಿ, ಪಕ್ಕದಲ್ಲಿ ಇಂಗ್ಲಿಷ್ ಹೆಸರಿನ ಎರಡು ಪದಗಳ ಮೊದಲ ಎರಡೆರಡು ಅಕ್ಷರ ಒತ್ತಿದರೆ ಹಕ್ಕಿ ಮೇಲೆ ಬರುತ್ತದೆ. ಊರುಕಾಗೆಗೆ ‘ಹೌಸ್ ಕ್ರೋ’, ಅಂದರೆ ಎಚ್, ಓ, ಸಿ, ಆರ್. ಒಂದು ವಾರದಲ್ಲಿ ಬೆರಳಿಗೆ ರೂಢಿಯಾಗುತ್ತದೆ.

ಪಟ್ಟಿಯ ಬಗೆ ಯಾವುದೆಂದೂ ಆ್ಯಪ್ ಕೇಳುತ್ತದೆ. ನಿಂತಲ್ಲೇ ನಿಂತು ನೋಡಿದ್ದರೆ ‘ಸ್ಟೇಷನರಿ’. 30 ಮೀಟರಿಗಿಂತ ಹೆಚ್ಚು ನಡೆದಿದ್ದರೆ ‘ಟ್ರಾವೆಲಿಂಗ್’. ತರಕಾರಿಗೆ ಹೊರಟಾಗ ತಂತಿಯ ಮೇಲೆ ಗಕ್ಕನೆ ಕಂಡ ಕಳ್ಳಿಪೀರ ‘ಇನ್ಸಿಡೆಂಟಲ್’. ನಡಿಗೆಯ ಪಟ್ಟಿ 8 ಕಿಲೋಮೀಟರ್, ಮೂರು ಗಂಟೆ ಮೀರದಿರಲಿ. ನನ್ನ ಮಟ್ಟಿಗೆ ಕಾಲು ಗಂಟೆಯಿಂದ ಒಂದು ಗಂಟೆಯ ಪಟ್ಟಿಯೇ ಚೆಂದ. ಜಾಗ ಬದಲಾದರೆ ಪಟ್ಟಿಯೂ ಬದಲಾಗಲಿ; ರಂಗನತಿಟ್ಟಿನ ದೋಣಿ ಸವಾರಿಯನ್ನೂ ಮೈಸೂರಿನ ಕಾರಂಜಿ ಕೆರೆಯ ಸುತ್ತಾಟವನ್ನೂ ಒಂದೇ ಪಟ್ಟಿಗೆ ತುರುಕಬೇಡಿ. ಹೋದ ದಾರಿಯಲ್ಲೇ ವಾಪಸ್ ಬಂದರೆ ಒಂದು ಕಡೆಯ ದೂರ ಮಾತ್ರ ಲೆಕ್ಕ.

ಎಲ್ಲಾ ಬರೆದಿರಾ?

ಕೊನೆಯಲ್ಲೊಂದು ಪ್ರಶ್ನೆ ಬರುತ್ತದೆ: ನೀವು ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ, ಇದು ‘ಕಂಪ್ಲೀಟ್’ ಪಟ್ಟಿಯೇ? ಬಹಳ ಜನ ಇಲ್ಲಿ ಹೆದರಿ ‘ಇಲ್ಲ’ ಎನ್ನುತ್ತಾರೆ, ಪೊದೆಯಲ್ಲಿ ಚಿಲಿಪಿಲಿ ಎಂದದ್ದು ಯಾವುದೋ ಗೊತ್ತಾಗಲಿಲ್ಲವಲ್ಲ ಎಂದು. ಅದು ಅಡ್ಡಿಯಲ್ಲ. ಅಲ್ಲಿದ್ದ ಎಲ್ಲ ಹಕ್ಕಿಗಳನ್ನೂ ಗುರುತಿಸಿದಿರಾ ಎಂದು ಯಾರೂ ಕೇಳುತ್ತಿಲ್ಲ. ಗುರುತಿಸಿದ್ದರಲ್ಲಿ ಯಾವುದನ್ನೂ ‘ಅಯ್ಯೋ, ಇದೇನು ಮಹಾ’ ಎಂದು ಬಿಟ್ಟಿಲ್ಲ ತಾನೆ? ಬಿಟ್ಟಿಲ್ಲವಾದರೆ ‘ಹೌದು’ ಎನ್ನಿ.

ಈ ಒಂದು ‘ಹೌದು’ ಏಕೆ ಅಷ್ಟು ಬೆಲೆಬಾಳುತ್ತದೆ ಎಂದು ನನಗೆ ಅರ್ಥವಾದದ್ದು ನೀಲಕಂಠದಿಂದ. ನಮ್ಮ ರಾಜ್ಯಪಕ್ಷಿ. ರಸ್ತೆ ಬದಿಯ ತಂತಿಯ ಮೇಲೆ ಮಬ್ಬಾಗಿ ಕೂತಿದ್ದು, ಹಾರಿದೊಡನೆ ರೆಕ್ಕೆ ನೀಲಿಯಾಗಿ ಹೊತ್ತಿಕೊಳ್ಳುವ ಹಕ್ಕಿ. ಎಲ್ಲರೂ ಅದನ್ನು ಕಂಡಾಗ ಮಾತ್ರ ಬರೆದಿದ್ದರೆ ಕಾಣದ ಬೆಳಗುಗಳ ಲೆಕ್ಕ ಯಾರ ಬಳಿ ಇರುತ್ತಿತ್ತು? ಸಾವಿರಾರು ಜನ ಕಾಗೆ, ಗೊರವಂಕ, ಪಾರಿವಾಳ ಎಲ್ಲವನ್ನೂ ಬರೆದು ‘ಇಷ್ಟೇ ಕಂಡದ್ದು’ ಎಂದಾಗ ಆ ಪಟ್ಟಿಯಲ್ಲಿ ನೀಲಕಂಠ ಇಲ್ಲ ಎಂಬುದೂ ಒಂದು ಮಾಹಿತಿಯಾಗುತ್ತದೆ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಸುಮಾರು 30,000 ಪಕ್ಷಿವೀಕ್ಷಕರು ಇಬರ್ಡ್‌ಗೆ ಕೊಟ್ಟ ಮೂರು ಕೋಟಿ ದಾಖಲೆಗಳನ್ನು ಇಟ್ಟುಕೊಂಡು 942 ಪ್ರಭೇದಗಳ ಸ್ಥಿತಿ ನೋಡಿತು. ಅಳಿವಿನ ಅಪಾಯದ ಜಾಗತಿಕ ಪಟ್ಟಿಯಲ್ಲಿ ಇವುಗಳ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದು ಅದು ಹೆಸರಿಸಿದ 14 ಹಕ್ಕಿಗಳಲ್ಲಿ ನೀಲಕಂಠವೂ ಇದೆ.

ಎಣಿಕೆಗೆ ಬರೋಣ. ಐದು, ಹತ್ತು ಇದ್ದಾಗ ಕಷ್ಟವಿಲ್ಲ. ಸಂಜೆ ಕೆರೆಯ ಮೇಲೆ ಬೆಳ್ಳಕ್ಕಿ ಸಾಲುಸಾಲಾಗಿ ಹೋಗುವಾಗ ಮೊದಲು ಹತ್ತನ್ನು ಎಣಿಸಿ, ಹತ್ತು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಿಗೆ ರೂಢಿ ಮಾಡಿಸಿ, ಅಂಥ ತುಂಡು ಎಷ್ಟಿದೆ ನೋಡಿ. ಅಂದಾಜು ತಪ್ಪಲ್ಲ. ಅಂದಾಜೂ ಸಿಗದಿದ್ದರೆ ಸಂಖ್ಯೆಯ ಬದಲು ‘ಎಕ್ಸ್’ ಹಾಕಬಹುದು; ಇತ್ತು, ಎಣಿಸಲಿಲ್ಲ ಎಂದು ಅರ್ಥ. ಇದು ಸೋಮಾರಿಗಳ ಗುಂಡಿ ಎಂಬುದು ನನ್ನ ಅನುಭವ. ಆರಂಭದಲ್ಲಿ ನನ್ನ ಪಟ್ಟಿಗಳ ತುಂಬ ಎಕ್ಸ್‌ಗಳೇ.

ಮುಗಿದ ಮೇಲೆ ಟ್ರ್ಯಾಕ್ ನಿಲ್ಲಿಸುವುದನ್ನು ಮರೆಯಬೇಡಿ. ನಾನು ಮರೆತಿದ್ದೇನೆ. ಕೆರೆಯಿಂದ ಬೈಕ್ ಹತ್ತಿ, ಹೋಟೆಲಿನಲ್ಲಿ ಇಡ್ಲಿ ತಿಂದು, ಹಾಲು ಹಿಡಿದು ಮನೆಗೆ ಬಂದು ನೋಡಿದರೆ ಹದಿಮೂರು ಕಿಲೋಮೀಟರ್ ‘ಪಕ್ಷಿವೀಕ್ಷಣೆ’. ಗಾಬರಿ ಬೇಕಿಲ್ಲ. ಕಳಿಸುವ ಮೊದಲು ದೂರ, ಸಮಯ ಎರಡನ್ನೂ ಕೈಯಿಂದ ತಿದ್ದಬಹುದು, ಕಳಿಸಿದ ಮೇಲೂ ತಿದ್ದಬಹುದು.

ಹೆಸರು ಹೇಳುವ ಗೆಳೆಯ

ಗೊತ್ತಿಲ್ಲದ ಹಕ್ಕಿ ಕಂಡರೆ ಮರ್ಲಿನ್ ಐದು ಪ್ರಶ್ನೆ ಕೇಳುತ್ತದೆ: ಎಲ್ಲಿ, ಯಾವಾಗ, ಎಷ್ಟು ಗಾತ್ರ, ಯಾವ ಬಣ್ಣ, ಏನು ಮಾಡುತ್ತಿತ್ತು. ಬಣ್ಣ ಮೂರರವರೆಗೆ ಆರಿಸಬಹುದು. ಉತ್ತರಿಸಿದರೆ ಹೊಂದುವ ಹಕ್ಕಿಗಳನ್ನು ಚಿತ್ರದೊಂದಿಗೆ ಮುಂದಿಡುತ್ತದೆ. ಫೋಟೊ ಕೊಟ್ಟರೂ ಹೇಳುತ್ತದೆ. ಜನ ಮರುಳಾಗುವುದು ಮಾತ್ರ ಅದರ ಮೂರನೆಯ ವಿದ್ಯೆಗೆ: ಫೋನ್ ಹಿಡಿದು ನಿಂತರೆ ಸುತ್ತ ಕೂಗುವ ಹಕ್ಕಿಗಳ ಹೆಸರು ಒಂದೊಂದಾಗಿ ಪರದೆಯ ಮೇಲೆ ಮೂಡುತ್ತದೆ, ಮತ್ತೆ ಕೂಗಿದಾಗ ಆ ಹೆಸರು ಹೊಳೆಯುತ್ತದೆ.

ಮರುಳಾಗಿ, ಆದರೆ ಪೂರ್ತಿ ನಂಬಬೇಡಿ. ಗಣೇಶಗುಡಿಯ ಹತ್ತಿರ ಒಂದು ಬೆಳಗ್ಗೆ ಪರದೆಯ ಮೇಲೆ ಪಟಪಟನೆ ನಾಲ್ಕು ಹೆಸರು ಬಂದವು, ಅದರಲ್ಲೊಂದು ಬೇಟೆಹಕ್ಕಿ. ಕತ್ತೆತ್ತಿ ಹುಡುಕಿದರೆ ಬಿದಿರಿನ ತುದಿಯಲ್ಲಿ ಎರಡು ಬಾಲದ ಗರಿ ನೇತಾಡಿಸಿಕೊಂಡು ಒಬ್ಬನೇ ಕೂತಿದ್ದ, ಭೀಮರಾಜ. ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದರಲ್ಲಿ ಅವನು ನಿಸ್ಸೀಮ. ಕಿವಿಗೆ ಕೇಳಿದ್ದನ್ನು ಮರ್ಲಿನ್ ಸರಿಯಾಗಿಯೇ ಹೇಳಿತ್ತು ಪಾಪ, ಮೋಸಮಾಡಿದ್ದು ಹಕ್ಕಿ. ಆದ್ದರಿಂದ ಮರ್ಲಿನ್ ಹೇಳಿದ್ದನ್ನು ಕಣ್ಣಿನಿಂದಲೋ ಸ್ವಂತ ಕಿವಿಯಿಂದಲೋ ಖಚಿತಪಡಿಸಿಕೊಂಡ ಮೇಲಷ್ಟೇ ಇಬರ್ಡ್‌ಗೆ ಹಾಕಿ. ಬರೀ ಬೆಳ್ಳಕ್ಕಿ ಜಾತಿ ಎಂದಷ್ಟೇ ಗೊತ್ತಾದರೆ ಹಾಗೆಯೇ ದಾಖಲಿಸುವ ಅವಕಾಶವೂ ಇದೆ.

ಆ ಕಾಲಕ್ಕೆ, ಆ ಜಾಗಕ್ಕೆ ಅಪರೂಪದ್ದನ್ನೋ, ಎಂದಿಗಿಂತ ದೊಡ್ಡ ಸಂಖ್ಯೆಯನ್ನೋ ಹಾಕಿದರೆ ಆ್ಯಪ್ ವಿವರ ಬರೆಯಲು ಕೇಳುತ್ತದೆ. ‘ಸರಿಯಾಗಿ ನೋಡಿದೆ’ ಎಂದು ಬರೆದರೆ ಉಪಯೋಗವಿಲ್ಲ; ಕೊಕ್ಕು, ಕಾಲು, ಹಾರುವ ರೀತಿ ಬರೆಯಿರಿ. ಕೆಲವೊಮ್ಮೆ ಸ್ವಯಂಸೇವಕ ಪರಿಶೀಲಕರಿಂದ ಇಮೇಲ್ ಬರುತ್ತದೆ. ಕೆಂಪು ಟಿಟ್ಟಿಭದ ಬದಲು ಬೆರಳು ಜಾರಿ ಹಳದಿ ಟಿಟ್ಟಿಭ ಅರವತ್ತು ಎಂದು ಒತ್ತಿದ್ದಾಗ ನನಗೂ ಬಂದಿತ್ತು. ಅವಮಾನ ಅಂದುಕೊಳ್ಳದೆ ತಿದ್ದಿ ಕಳಿಸಿ.

ಎಲ್ಲಿಗೆ, ಯಾವಾಗ

ಪ್ರವಾಸ ಯೋಜಿಸುವವರಿಗೆ ಇಬರ್ಡ್‌ನಂಥ ಗೈಡ್ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ‘ಎಕ್ಸ್‌ಪ್ಲೋರ್’ನಲ್ಲಿ ನಿಮ್ಮ ಸುತ್ತಲಿನ ‘ಹಾಟ್‌ಸ್ಪಾಟ್’ಗಳು, ಅಂದರೆ ಎಲ್ಲರೂ ಹೋಗಿ ದಾಖಲಿಸುವ ಸಾರ್ವಜನಿಕ ಜಾಗಗಳು, ನಕ್ಷೆಯ ಮೇಲೆ ಸಿಗುತ್ತವೆ. ವೆಬ್‌ಸೈಟಿನಲ್ಲಿ ಒಂದು ಜಾಗದ ‘ಬಾರ್ ಚಾರ್ಟ್’ ತೆಗೆದರೆ ವರ್ಷದ ಯಾವ ವಾರದಲ್ಲಿ ಯಾವ ಹಕ್ಕಿ ಎಷ್ಟು ಸಲ ಕಂಡಿದೆ ಎಂದು ಹಸಿರು ಪಟ್ಟಿಗಳಲ್ಲಿ ತೋರಿಸುತ್ತದೆ. ರಜೆ ಸಿಕ್ಕಿತು ಎಂದು ಹೊರಡುವ ಮೊದಲು ಇದನ್ನು ನೋಡಿ. ಏಪ್ರಿಲ್‌ನಲ್ಲಿ ತುಂಗೆಯ ಮಂಡಗದ್ದೆಗೆ ಹೋದರೆ ಖಾಲಿ ಮರ ನೋಡಿ ಬರಬೇಕು; ಅಲ್ಲಿ ಗೂಡು ಕಟ್ಟುವ ಸಂಭ್ರಮ ಮಳೆಗಾಲದ್ದು. ಸೊರಬದ ಗುಡವಿಯೂ ಹಾಗೆಯೇ. ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ತುಂಬುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಡಿಸೆಂಬರ್, ಜನವರಿಯಲ್ಲಿ ಹೋಗಬೇಕು.

ಹೋಗಬೇಕಾದ ಜಾಗಗಳನ್ನು ನಾನು ಗೂಗಲ್ ಮ್ಯಾಪ್ಸ್‌ನಲ್ಲಿ ‘ಹಕ್ಕಿ’ ಎಂಬ ಪಟ್ಟಿ ಮಾಡಿ ಉಳಿಸಿಟ್ಟಿದ್ದೇನೆ, ಒಂದೊಂದರ ಕೆಳಗೆ ತಿಂಗಳ ಹೆಸರು ಬರೆದು. ಆಯಾ ಭಾಗದ ಆಫ್‌ಲೈನ್ ನಕ್ಷೆಯನ್ನೂ ಇಳಿಸಿಟ್ಟುಕೊಳ್ಳಿ. ತಿರುಗಾಟ ಮುಗಿದ ಮೇಲೆ ಇಬರ್ಡ್ ವೆಬ್‌ಸೈಟಿನಲ್ಲಿ ‘ಟ್ರಿಪ್ ರಿಪೋರ್ಟ್’ ಎಂಬುದಿದೆ. ಹೊರಟ ದಿನ, ಬಂದ ದಿನ ಕೊಟ್ಟರೆ ನಡುವಿನ ಪಟ್ಟಿಗಳನ್ನೆಲ್ಲ ಪೋಣಿಸಿ ಒಂದೇ ಪುಟ ಮಾಡಿಕೊಡುತ್ತದೆ. ಗುಂಪಿನಲ್ಲಿ ಹೋದಾಗ ಒಬ್ಬರು ಮಾತ್ರ ಬರೆದು ಉಳಿದವರಿಗೆ ‘ಶೇರ್’ ಮಾಡಿದರೆ ಸಾಕು. ನಾಲ್ವರೂ ಬೇರೆಬೇರೆಯಾಗಿ ಹಾಕಿದರೆ ಅದೇ ಹೆಜ್ಜಾರ್ಲೆ ನಾಲ್ಕಾಗುತ್ತದೆ.

ಮರೆಮಾಡಬೇಕಾದದ್ದು

ಮನೆಯಂಗಳದ ಪಟ್ಟಿ ಹಾಕುವವರು ನಕ್ಷೆಯ ಗುರುತನ್ನು ಮನೆಯ ಮೇಲೆಯೇ ಇಡಬೇಡಿ, ಬೀದಿಯ ತಿರುವಿಗೆ ಸರಿಸಿ; ಪಟ್ಟಿ ಯಾರು ಬೇಕಾದರೂ ನೋಡುವಂತಿರುತ್ತದೆ. ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳು ಜಾಗ ಬಿಟ್ಟ ಮೇಲೆಯೇ ಕಳಿಸುವುದು ಒಳ್ಳೆಯದು. ಕೆಲವು ಸೂಕ್ಷ್ಮ ಪ್ರಭೇದಗಳ ಜಾಗವನ್ನು ಇಬರ್ಡ್ ತಾನೇ ಮರೆಮಾಡುತ್ತದೆ. ಗೂಡಿನ ವಿಷಯ ಮಾತ್ರ ನಿಮ್ಮ ಕೈಯಲ್ಲಿದೆ. ಮಂಗಟ್ಟೆಯ ಗೂಡಿನ ಪೊಟರೆ ಕಂಡಿತೆಂದು ಮರದ ಗುರುತು ಸಮೇತ ಬರೆದರೆ ಮುಂದಿನ ಭಾನುವಾರ ಆ ಮರದಡಿ ಹತ್ತು ಕ್ಯಾಮೆರಾ ಇರುತ್ತವೆ.

ಹಳೆಯ ಡೈರಿ ಇದ್ದರೆ ಅದನ್ನೂ ಬಿಡಬೇಡಿ. ಹಿಂದಿನ ದಿನಾಂಕ ಹಾಕಿ ಪಟ್ಟಿ ಸೇರಿಸಬಹುದು; ಎಷ್ಟು ಹೊತ್ತು, ಎಷ್ಟು ದೂರ ನೆನಪಿಲ್ಲದಿದ್ದರೆ ‘ಹಿಸ್ಟಾರಿಕಲ್’ ಎಂದು ಆರಿಸಿಕೊಳ್ಳಿ. ಕಳೆದ ಮಳೆಗಾಲದಲ್ಲಿ ಕೂತು ನನ್ನ 1997ರ ನೋಟ್‌ಬುಕ್ ಬಿಡಿಸಿದೆ. ಆಗ ನಾವಿದ್ದ ಬೀದಿ, ಒಂದು ಭಾನುವಾರ. ಕುಟ್ರು ಒಂದು, ಮಡಿವಾಳ ಎರಡು, ಸೂರಕ್ಕಿ ಮೂರು ಎಂದು ಚೊಕ್ಕವಾಗಿ ಬರೆದಿದ್ದೇನೆ. ಕೆಳಗೆ ಪೆನ್ಸಿಲಿನಲ್ಲಿ, ‘ಗುಬ್ಬಿ – ಬೇಕಾದಷ್ಟು’. ಬೇಕಾದಷ್ಟು ಎಂದರೆ ಎಷ್ಟೋ, ಈಗ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯದು. ಎಕ್ಸ್ ಹಾಕಿ ಕಳಿಸಿದೆ.