ಬಣ್ಣ, ಚಿತ್ರ ಮತ್ತು ಹೆಸರು: ಏರೋಪ್ಲೇನ್ ಚಿಟ್ಟೆಗಳ ನಾಮಕರಣ ಕುರಿತು

ಕನ್ನಡದಲ್ಲಿ ‘ಏರೋಪ್ಲೇನ್ ಚಿಟ್ಟೆ’ ಎಂದು ರೂಢಿಯಲ್ಲಿರುವ ಕೀಟವು ಜೀವಶಾಸ್ತ್ರದ ದೃಷ್ಟಿಯಿಂದ ಚಿಟ್ಟೆಯಲ್ಲ. ಇಂಥ ಕೀಟಗಳ ಒಂದೊಂದು ಪ್ರಭೇದಕ್ಕೂ ಕನ್ನಡ ಹೆಸರು ರೂಪಿಸುವಾಗ ಬಣ್ಣವನ್ನೇ ಆಧಾರವಾಗಿ ಹಿಡಿಯುವುದು ಸಹಜ. ಈ ಆಧಾರ ಎಷ್ಟು ದೃಢವಾದುದು ಎಂಬುದನ್ನು ಹದಿನೆಂಟನೆಯ ಶತಮಾನದ ವರ್ಣಚಿತ್ರಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಂಡನ್ನಿನ ಡ್ರೂ ಡ್ರೂರಿಯ ‘ಇಲಸ್ಟ್ರೇಷನ್ಸ್ ಆಫ್ ನ್ಯಾಚುರಲ್ ಹಿಸ್ಟರಿ’ (1770–1782) ಮೂರು ಸಂಪುಟಗಳ ಕೃತಿ. ಇದರ ತಾಮ್ರಫಲಕ ಚಿತ್ರಗಳನ್ನು ಮೋಸೆಸ್ ಹ್ಯಾರಿಸ್ ರಚಿಸಿದನು. ಮುದ್ರಿತ ಪ್ರತಿಗಳಿಗೆ ಕೈಯಿಂದ ಬಣ್ಣ ಹಚ್ಚಲಾಯಿತು. 1770ರ ಮೊದಲ ಸಂಪುಟದ ಪಠ್ಯದಲ್ಲಿ ದ್ವಿಪದ ನಾಮಗಳಿರಲಿಲ್ಲ. ಅವು 1773ರಲ್ಲಿ ಬಂದ ಸೂಚಿಯಲ್ಲಿ ಕಾಣಿಸಿಕೊಂಡವು. ಆ ಸಂಪುಟದಲ್ಲಿ ಚಿತ್ರಿತವಾದ, ಇಂದು ‘ಕ್ರೋಕೋಥೆಮಿಸ್ ಸರ್ವಿಲಿಯಾ’ ಎನಿಸಿಕೊಂಡಿರುವ ಪ್ರಭೇದದ ನಾಮಕರಣ ವರ್ಷ 1773 ಎಂದು ಪರಿಗಣಿತವಾಗಿರುವುದು ಇದರಿಂದಲೇ. ಚಿತ್ರ ಮೊದಲು, ಹೆಸರು ಅನಂತರ ಎಂಬ ಈ ಅನುಕ್ರಮ ಗಮನಾರ್ಹ. ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯೂ 1931ಕ್ಕೆ ಮೊದಲಿನ ಹೆಸರುಗಳಿಗೆ ವರ್ಣನೆಯ ಬದಲು ಚಿತ್ರವನ್ನು ಆಧಾರವಾಗಿ ಒಪ್ಪುತ್ತದೆ. ಸತ್ತ ಕೀಟದ ಬಣ್ಣ ಬೇಗನೆ ಮಾಸುವುದರಿಂದ ಜಲವರ್ಣಕ್ಕೆ ದಾಖಲೆಯ ಮೌಲ್ಯವೂ ಇದೆ.

ಹೀಗಿದ್ದರೂ ಡ್ರೂರಿಯ ಪ್ರಭೇದಸೂಚಕ ಪದಗಳು ವರ್ಣವಾಚಕಗಳಲ್ಲ. ‘ಸರ್ವಿಲಿಯಾ’, ‘ಟುಲ್ಲಿಯಾ’, ‘ಫುಲ್ವಿಯಾ’ ಮೂರೂ ಪ್ರಾಚೀನ ರೋಮಿನ ಸ್ತ್ರೀನಾಮಗಳು. ‘ಫುಲ್ವಿಯಾ’ವನ್ನು ಬಿಡಿಯಾಗಿ ನೋಡಿದರೆ ಕಂದುಹಳದಿಯನ್ನು ಸೂಚಿಸುವ ಲ್ಯಾಟಿನ್ ಪದದ ನೆನಪಾಗಬಹುದು; ಉಳಿದೆರಡರ ಜೊತೆಗಿಟ್ಟಾಗ ವ್ಯಕ್ತಿನಾಮವೆಂಬ ಅರ್ಥವೇ ಹೆಚ್ಚು ಸಮಂಜಸ.

ಅತ್ತಾವರದಂಥ ನಗರ ಬಡಾವಣೆಯ ನೀರಿನ ತಾಣಗಳಿಗೂ ಬರಬಲ್ಲ ಸರ್ವಿಲಿಯಾವನ್ನು ‘ಕೆಂಪು’ ಎಂದು ಕರೆದರೆ ಅದು ಬಲಿತ ಗಂಡಿಗೆ ಮಾತ್ರ ಸಲ್ಲುತ್ತದೆ; ಹೆಣ್ಣು ಮತ್ತು ಎಳೆಯ ಗಂಡು ಹಳದಿ. ಕರಾವಳಿಯ ಗದ್ದೆಗಳ ಟುಲ್ಲಿಯಾದಲ್ಲಿ ಗಂಡಿನ ರೆಕ್ಕೆಗೆ ಕಪ್ಪು ಬಿಳುಪಿನ ಪಟ್ಟೆಗಳಿದ್ದರೆ ಹೆಣ್ಣಿನದು ಹಳದಿ ಬೆರೆತ ರೆಕ್ಕೆ. ಒಂದು ಚಿತ್ರದಿಂದ ಹುಟ್ಟಿದ ಬಣ್ಣದ ಹೆಸರು ಪ್ರಭೇದದ ಅರ್ಧಭಾಗವನ್ನು ಹೊರಗಿಡುತ್ತದೆ.

ಸ್ಥಳನಾಮ ಇನ್ನೊಂದು ಮಾರ್ಗ. ಎಫ್. ಸಿ. ಫ್ರೇಸರ್ 1923ರಲ್ಲಿ ‘ಗೋಂಫಿಡಿಯಾ ಕೊಡಗುಯೆನ್ಸಿಸ್’ ಎಂದು ಹೆಸರಿಸಿದಾಗ, ಆಡಳಿತದಲ್ಲಿದ್ದ ‘ಕೂರ್ಗ್’ ರೂಪವನ್ನು ಬಿಟ್ಟು ‘ಕೊಡಗು’ವಿಗೆ ಲ್ಯಾಟಿನ್ ಪ್ರತ್ಯಯ ಹಚ್ಚಿದನು. ಆ ಪ್ರಭೇದ ಕೊಡಗಿಗಷ್ಟೇ ಸೀಮಿತವಲ್ಲ ಎಂಬ ಮಿತಿ ಇಲ್ಲಿಯೂ ಉಂಟು. ಆದ್ದರಿಂದ ಕನ್ನಡ ನಾಮಕೋಶ ಸಿದ್ಧಪಡಿಸುವವರು ಗಂಡುಹೆಣ್ಣುಗಳೆರಡಕ್ಕೂ ಸಲ್ಲುವ ನೆಲೆ, ನಡೆಗಳನ್ನು ಬಣ್ಣಕ್ಕಿಂತ ಮೊದಲು ಪರಿಗಣಿಸುವುದು ಉಚಿತ.