ಕೊಪ್ಪರಿಗೆಗಿಂತ ಒಲೆ ಮುಖ್ಯ

ಬೇಕರಿಗಳು ಆರು ತಿಂಗಳೊಳಗೆ ಕಟ್ಟಿಗೆ, ಕಲ್ಲಿದ್ದಲು ಬಿಟ್ಟು ಶುದ್ಧ ಇಂಧನಕ್ಕೆ ಹೊರಳಬೇಕೆಂದು ಬಾಂಬೆ ಹೈಕೋರ್ಟ್ ಹೇಳಿದ್ದು 2025ರ ಜನವರಿಯಲ್ಲಿ. ಅಂಥ ಮುಂಬಯಿಯ ಮಲಾಡಿನಲ್ಲಿ, ಫ್ಲ್ಯಾಟಿನ ಅಡುಗೆಮನೆಯಲ್ಲಿ ಕೂತು ಕಟ್ಟಿಗೆ ಒಲೆಯ ನಕ್ಷೆ ಬರೆಯುವವನನ್ನು ಕಂಡು ನೆರೆಯವರು ನಕ್ಕರೆ ತಪ್ಪೇನಿಲ್ಲ. ನಕ್ಷೆ ಶಿರಸಿ ಕಡೆಯ ಹಿತ್ತಿಲಿನದು. ಮನೆ ಮಟ್ಟಿಗೆ ಜೋನಿ ಬೆಲ್ಲ, ಅಂದರೆ ಕಬ್ಬಿನ ಹಾಲಿನ ದ್ರವ ಬೆಲ್ಲ ಕಾಯಿಸುವ ಸಣ್ಣ ಒಲೆಯದು.

ಕೆನಡಾದವರು ಮೇಪಲ್ ಮರದ ರಸ ಕಾಯಿಸುವುದೂ ಇದೇ ಕಸುಬು. ಅವರ ರಸದಲ್ಲಿ ಸಕ್ಕರೆ ಸುಮಾರು ಶೇ 2. ಹತ್ತಿರಹತ್ತಿರ 40 ಲೀಟರ್ ಬತ್ತಿಸಿದರೆ ಒಂದು ಲೀಟರ್ ಸಿರಪ್. ಕಬ್ಬಿನ ಹಾಲು ಅಷ್ಟು ಜಿಪುಣ ಅಲ್ಲ. ಆದರೂ ಶೇ 18ರಷ್ಟು ಸಿಹಿಯಿರುವ 100 ಕಿಲೋ ಹಾಲಿನಿಂದ 25 ಕಿಲೋ ಜೋನಿ ಬೆಲ್ಲ ಇಳಿಸಬೇಕಾದರೆ 75 ಕಿಲೋ ನೀರು ಆವಿಯಾಗಿ ಹೋಗಬೇಕು. ಬೆಂಕಿಯ ಕಾವಿನಲ್ಲಿ ಕಾಲು ಪಾಲಷ್ಟೇ ಕೊಪ್ಪರಿಗೆಗೆ ದಕ್ಕಿದರೆ ಇದಕ್ಕೆ ಸುಮಾರು 50 ಕಿಲೋ ಒಣ ಕಟ್ಟಿಗೆ ಬೇಕು. ಹಸಿ ಸೌದೆಯಾದರೆ ಮೊದಲು ಅದರೊಳಗಿನ ನೀರನ್ನೇ ಕಾಯಿಸಿ ಕಳಿಸಬೇಕು!

ಹಾಗಾಗಿ ದುಡ್ಡು ಸುರಿಯಬೇಕಾದದ್ದು ಕೊಪ್ಪರಿಗೆಗಲ್ಲ, ಒಲೆಗೆ. ಕಟ್ಟಿಗೆಯನ್ನು ನೆಲದ ಮೇಲೆ ಒಟ್ಟಿದರೆ ಬೂದಿಯೇ ಕೆಂಡದ ಉಸಿರು ಕಟ್ಟಿಸುತ್ತದೆ. ಕಬ್ಬಿಣದ ಸರಳುಗಳ ಜಾಲರಿ ಹಾಕಿ, ಕೆಳಗೆ ಬೂದಿ ಬೀಳಲೂ ಗಾಳಿ ನುಗ್ಗಲೂ ಜಾಗ ಬಿಟ್ಟರೆ ಉರಿ ತಾನೇ ಏಳುತ್ತದೆ. ಇನ್ನೊಂದು ಉಪಾಯ ಒಲೆಯ ಹಿಂಭಾಗದ್ದು. ಜಾಲರಿ ದಾಟಿದ ಮೇಲೆ ಇಟ್ಟಿಗೆ ನೆಲವನ್ನು ಇಳಿಜಾರಾಗಿ ಮೇಲೆತ್ತಿ, ಕೊಪ್ಪರಿಗೆಯ ತಳಕ್ಕೂ ಅದಕ್ಕೂ ನಾಲ್ಕು ಬೆರಳಿನಷ್ಟು ಸಂದು ಉಳಿಸಬೇಕು. ಆಗ ಉರಿ ತಳವನ್ನು ನೆಕ್ಕಿಕೊಂಡೇ ಹೊಗೆಗೂಡು ಸೇರುತ್ತದೆ. ಸಂದು ದೊಡ್ಡದಾದರೆ ಕಾವು ನೇರ ಆಕಾಶಕ್ಕೆ. ಕೊಪ್ಪರಿಗೆಯೂ ಆಳಕ್ಕಿಂತ ಅಗಲವಿದ್ದರೇ ಚೆನ್ನ. ಆವಿ ಏಳುವುದು ಮೇಲ್ಮೈಯಿಂದ ತಾನೆ.

ಹದದ ಅಭ್ಯಾಸ ನಡೆದದ್ದು ಮಾತ್ರ ಮಲಾಡಿನಲ್ಲೇ, ಗ್ಯಾಸಿನ ಮೇಲೆ. ಕಬ್ಬಿನ ಹಾಲು ಮಾರುವ ಬೀದಿಯ ರಸವಂತಿಯಲ್ಲಿ ಲಿಂಬು, ಶುಂಠಿ, ಐಸ್ ಬೇಡವೆಂದರೆ ಅಂಗಡಿಯವ ವಿಚಿತ್ರವಾಗಿ ನೋಡುತ್ತಾನೆ, ಹಾಲೇನೋ ಕೊಡುತ್ತಾನೆ. ಸಮುದ್ರಮಟ್ಟದ ಮಲಾಡಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಜೋನಿ ಬೆಲ್ಲ 105-106ಕ್ಕೆ ಹದಕ್ಕೆ ಬರುತ್ತದೆ. ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ ನೀರೇ 98ಕ್ಕೆ ಕುದಿಯುವುದರಿಂದ ಹದ 103-104ರಲ್ಲೇ ಮುಗಿಯುತ್ತದೆ. ಮಲಾಡಿನ ಅಂಕಿ ಹಿಡಿದು ಅಲ್ಲಿ ಕಾದು ನಿಂತರೆ ಜೋನಿ ಹೋಗಿ ಗಟ್ಟಿಯಾಗುವ ದಾರಿ ಹಿಡಿಯುತ್ತದೆ. ಅಂಕಿ ನೆನಪಿಡುವ ಬದಲು ಆ ದಿನ, ಆ ಜಾಗದಲ್ಲಿ ನೀರು ಕುದಿಸಿ ಥರ್ಮಾಮೀಟರ್ ಓದಿಕೊಂಡು, ಅದಕ್ಕೆ ಐದಾರು ಡಿಗ್ರಿ ಕೂಡಿಸಿದರೆ ಸಾಕು. ಆಲೆಮನೆಯ ಹಳಬರಿಗೆ ಈ ಗಾಜಿನ ಕಡ್ಡಿಯೇ ಬೇಡ: ನೊರೆಯ ಗುಳ್ಳೆ ನೋಡಿಯೇ ಹೇಳುತ್ತಾರೆ.

ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆಗೆ ಸಮನಾದದ್ದಿಲ್ಲ. ಜಜ್ಜಿದ ಕಾಂಡವನ್ನು ನೀರಲ್ಲಿ ಕಿವುಚಿ, ಹಾಲು ಬಿಸಿಯೇರುವಾಗ ಸುರಿದರೆ ಕಪ್ಪು ಕೆನೆ ಕಟ್ಟಿ ಮೇಲೆ ತೇಲುತ್ತದೆ. ಜಾಲರಿ ಸೌಟಿನಲ್ಲಿ ಎತ್ತಬೇಕು. ಬಣ್ಣ ಬಿಳಿಚಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವವರಿದ್ದಾರೆ. ಮನೆಯ ಬೆಲ್ಲಕ್ಕೆ ಆ ದರ್ದೇನು?

ಇಟ್ಟಿಗೆ ಒಲೆಯ ಸ್ವಭಾವ ಇನ್ನೊಂದಿದೆ: ಕಟ್ಟಿಗೆ ಎಳೆದರೂ ಅದು ಕಾಯಿಸುವುದನ್ನು ನಿಲ್ಲಿಸುವುದಿಲ್ಲ. ಗ್ಯಾಸಿನಂತೆ ಕಿವಿ ತಿರುವಿ ಆರಿಸಲಾಗದು. ಹದಕ್ಕೆ ಇನ್ನೊಂದು ಡಿಗ್ರಿ ಇರುವಾಗಲೇ ಉರಿ ಹಿಂದಕ್ಕೆಳೆದು, ಗಳು ಹಾಕಿ ಇಬ್ಬರು ಕೊಪ್ಪರಿಗೆ ಇಳಿಸಲು ಸಿದ್ಧರಿರಬೇಕು. ಅದಕ್ಕೇ ನಕ್ಷೆಯಲ್ಲಿ ಒಲೆಯ ಎರಡೂ ಪಕ್ಕ ಆಳು ನಿಲ್ಲುವಷ್ಟು ಜಾಗ ಸೇರಿಕೊಂಡಿದೆ. ಹೊಗೆಗೂಡಿನ ಬುಡದಲ್ಲಿ ಎರಡನೆಯ ಪಾತ್ರೆಗೂ ಒಂದು ಗುಂಡಿ ಇದೆ. ಪೋಲಾಗುವ ಕಾವಿನಲ್ಲೇ ಮುಂದಿನ ಸರದಿಯ ಹಾಲು ಬೆಚ್ಚಗಾಗುತ್ತಿರುತ್ತದೆ.