ಸರ್ವರಿನ ದಿನಚರಿ

ಆಲಮಟ್ಟಿಯ ಹಿನ್ನೀರನ್ನು ಕಂಡ ಬೀಳಗಿ ಸೀಮೆಯವರಿಗೆ ನೀರಿನ ಮಟ್ಟವನ್ನು ದಿನವೂ ಅಳೆದು ಬರೆದಿಡುವುದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಜಲಾಶಯವು 519.60 ಮೀಟರಿಗೆ ತುಂಬಿದ ಮೇಲೆ ಲೆಕ್ಕಕ್ಕೆ ಕುಳಿತರೆ ಕಾಲ ಮೀರಿರುತ್ತದೆ. ಒಳಹರಿವು ಏರುತ್ತಿರುವಾಗಲೇ ಗೇಟುಗಳ ವಿಚಾರ ನಡೆಯಬೇಕು. ಜಾಲತಾಣಗಳನ್ನು ನಡೆಸುವ ಸರ್ವರ್ ಎಂಬ ಗಣಕಯಂತ್ರಕ್ಕೂ ಇದೇ ಎಚ್ಚರ ಅವಶ್ಯ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಂದೇ ಹೊತ್ತಿನಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ಒತ್ತುತ್ತಾರೆ. 2023ರ ಜೂನ್ 18ರಂದು ಗೃಹಜ್ಯೋತಿಯ ನೋಂದಣಿ ತೊಡಗಿದಾಗ ಸೇವಾಸಿಂಧುವಿನ ಪುಟ ತೆರೆಯಲೆಂದು ಜನ ಕಾದು ಕುಳಿತುದೂ ನೆನಪಿನಲ್ಲಿದೆ.

“ಯಂತ್ರದ ಶಕ್ತಿಯಲ್ಲಿ ನೂರಕ್ಕೆ ಹತ್ತು ಭಾಗ ಇನ್ನೂ ಉಳಿದಿದೆಯಲ್ಲ” ಎಂಬ ಸಮಾಧಾನವೇ ಇಲ್ಲಿ ಮೊದಲನೆಯ ತಪ್ಪು. ಕೋರಿಕೆಗಳು ಹೊತ್ತುಗೊತ್ತಿಲ್ಲದೆ ಬರುವುದರಿಂದ ಸರತಿ ಬೆಳೆಯುತ್ತದೆ. ಒಂದೇ ಸರತಿಯ ಸರಳ ಗಣಿತದ ಪ್ರಕಾರ, ಯಂತ್ರವು ನೂರಕ್ಕೆ 50 ಭಾಗ ದುಡಿಯುತ್ತಿದ್ದರೆ ಸರಾಸರಿ ಕಾಯುವ ಕಾಲವು ಒಂದು ಕೆಲಸಕ್ಕೆ ತಗಲುವ ಕಾಲದಷ್ಟೇ. 80ಕ್ಕೆ ಏರಿದರೆ ಅದರ ನಾಲ್ಕರಷ್ಟು, 90ಕ್ಕೆ ಒಂಬತ್ತರಷ್ಟು, 95ಕ್ಕೆ ಹತ್ತೊಂಬತ್ತರಷ್ಟು! ಆದುದರಿಂದ ಬಲ್ಲವರು 70ರ ಸುಮಾರಿನಲ್ಲಿಯೇ ವಿಸ್ತರಣೆಯ ಯೋಚನೆಗೆ ತೊಡಗುತ್ತಾರೆ.

ಸರಾಸರಿಯನ್ನೂ ಪೂರ್ತಿ ನಂಬಲಾಗದು. ನೂರು ಜನರಲ್ಲಿ 95 ಮಂದಿಗೆ ಅರ್ಧ ಸೆಕೆಂಡಿನಲ್ಲಿ, ಐವರಿಗೆ 20 ಸೆಕೆಂಡಿನಲ್ಲಿ ಉತ್ತರ ದೊರೆತರೆ ಸರಾಸರಿಯು ಒಂದೂವರೆ ಸೆಕೆಂಡಿಗೂ ಕಡಿಮೆ. ಕಾಗದದ ಮೇಲೆ ಎಲ್ಲವೂ ಕ್ಷೇಮ. ಆ ಐವರ ಪಾಡು ಮಾತ್ರ ಎಲ್ಲಿಯೂ ಕಾಣಿಸದು. ತೀರ ತಡವಾದವರ ಲೆಕ್ಕವನ್ನು ಪ್ರತ್ಯೇಕವಾಗಿ ಇಡಬೇಕು.

ಸದ್ದಿಲ್ಲದ ದಿನಗಳ ದಾಖಲೆ ಏತಕ್ಕೆಂದು ಕೇಳುವವರುಂಟು. ಆಸ್ತಿ ನೋಂದಣಿಯ ಕಾವೇರಿ-2 ತಂತ್ರಾಂಶವು 2025ರ ಜನವರಿಯಲ್ಲಿ ಕುಂಟಿದಾಗ, ಯಂತ್ರಗಳ ಮೂಲಕ ಸುರಿದ ಹುಸಿ ಕೋರಿಕೆಗಳ ದಾಳಿಯೇ ಕಾರಣವೆಂದು ಸರ್ಕಾರ ತಿಳಿಸಿತು. ಜನರ ನಿಜವಾದ ದಟ್ಟಣೆ ಯಾವುದು, ಹುಸಿ ಯಾವುದು ಎಂದು ಬೇರ್ಪಡಿಸಲು ಸಾಮಾನ್ಯ ದಿನದ ಅಳತೆ ಕೈಯಲ್ಲಿರಬೇಕಾಗುತ್ತದೆ.

ಇನ್ನು ಹೊಸ ಯಂತ್ರದ ಖರೀದಿ. ಸಾಮಾನ್ಯವಾಗಿ ಇಲ್ಲಿಯೇ ಹಣ ವ್ಯರ್ಥವಾಗುವುದು. ಮಾಹಿತಿಕೋಶದ ಹುಡುಕಾಟವೇ ನಿಧಾನವಾಗಿರುವಾಗ ದುಬಾರಿ ಪ್ರೊಸೆಸರ್ ತಂದರೆ ಏನು ಫಲ? ಪ್ರೊಸೆಸರ್, ಮೆಮರಿ, ಡಿಸ್ಕ್, ಸಂಪರ್ಕಜಾಲ ಇವುಗಳಲ್ಲಿ ಮೊದಲು ಇಕ್ಕಟ್ಟಾಗುವುದು ಯಾವುದೆಂಬುದನ್ನು ಹಲವು ವಾರಗಳ ದಾಖಲೆಯೇ ಹೇಳಬೇಕು. ಡಿಸ್ಕಿನಲ್ಲಿ 60 ಜಿ.ಬಿ. ಉಳಿದು, ದಿನಕ್ಕೆ 2 ಜಿ.ಬಿ. ತುಂಬುತ್ತಿದ್ದರೆ 30 ದಿನಗಳ ಅವಕಾಶವಿದೆ. ಮಂಜೂರಾತಿ, ದರಪಟ್ಟಿ, ಸಾಗಣೆಗೆ 45 ದಿನ ಹಿಡಿಯುವುದಾದರೆ, ಬೇಡಿಕೆ ಪತ್ರವು 15 ದಿನಗಳ ಹಿಂದೆಯೇ ಹೋಗಿರಬೇಕಿತ್ತು.